ಸ್ಪ್ರಿಂಗ್ ಬೂಟ್ ಸರ್ವಿಸ್ ಒಳಗೆ ರಿಕ್ವೆಸ್ಟ್ ಕಳಿಸಿದವರು ಯಾರು ಅಂತ ತಿಳಿಯುವುದು ಹೇಗೆ?

ಕಾಫಿಪುಡಿ:
ಜಾವಾದ ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್‌ನಲ್ಲಿ ಬರೆದ ನಮ್ಮದೊಂದು ರೆಸ್ಟ್ ಸರ್ವಿಸ್ (ವೆಬ್ ರಿಕ್ವೆಸ್ಟ್‌ಗಳಿಗೆ ಉತ್ತರಿಸುವ ಪ್ರೋಗ್ರಾಂ) ಇದೆ, ಲಾಗಿನ್ ಎಲ್ಲಾ ಕೀಕ್ಲೋಕ್ ಅನ್ನುವ ಪ್ರತ್ಯೇಕ ಲಾಗಿನ್ ಸರ್ವರ್ ನೋಡಿಕೊಳ್ಳುತ್ತದೆ, ಅದು ಕೊಡುವ ಟೋಕನ್ (ಲಾಗಿನ್ ಆದವರ ಗುರುತಿನ ಚೀಟಿ) ಇಲ್ಲದೆ ಬಂದರೆ 401, ಅಂದರೆ ಲಾಗಿನ್ ಆಗಿಲ್ಲ ಅನ್ನುವ ಎರರ್, ಸರಿಯಾಗಿಯೇ ಬರುತ್ತಿದೆ. ಆದರೆ ಆರ್ಡರ್ ಸೇವ್ ಮಾಡುವಾಗ ಯಾರದ್ದು ಅಂತ ಗೊತ್ತಾಗಬೇಕಲ್ಲ. ಸದ್ಯಕ್ಕೆ ಯೂಸರ್ ಐಡಿಯನ್ನು ರಿಕ್ವೆಸ್ಟ್ ಬಾಡಿಯಲ್ಲೇ ತರಿಸಿಕೊಳ್ಳುತ್ತಿದ್ದೇನೆ. ನಡೆಯುತ್ತಾ?

ರಾತ್ರಿಪಾಳಿ:
ಬೇಡ ಮಾರಾಯ್ರೆ! ನಾನು ನನ್ನ ಟೋಕನ್ ಜೊತೆ ನಿಮ್ಮ ಐಡಿ ಹಾಕಿ ಕಳಿಸಿದರೆ ಆರ್ಡರ್ ನಿಮ್ಮ ತಲೆಗೆ ಬರುತ್ತದೆ. ರಿಕ್ವೆಸ್ಟ್ ಸ್ವೀಕರಿಸುವ ಕಂಟ್ರೋಲರ್ ಮೆಥಡ್‌ಗೆ ಅಥೆಂಟಿಕೇಶನ್ ಟೈಪಿನ ಒಂದು ಪ್ಯಾರಾಮೀಟರ್ ಸೇರಿಸಿ, ಸ್ಪ್ರಿಂಗೇ ತುಂಬಿಸಿ ಕೊಡುತ್ತದೆ. ಅದರ ಮೇಲೆ ಗೆಟ್‌ನೇಮ್ ಕರೆದರೆ ಸಾಕು.

ಕಾಫಿಪುಡಿ:
ಮಾಡಿದೆ. ಹೆಸರಿನ ಬದಲು 36 ಅಕ್ಷರದ ಏನೋ ಉದ್ದದ್ದು ಬಂತು.

ಹಳೇಜಾವಾ:
ಅದು ಟೋಕನ್ ಒಳಗಿನ 'ಸಬ್' ಕ್ಲೇಮ್, ಅಂದರೆ ಯೂಸರ್ ಐಡಿ ಇರುವ ಫೀಲ್ಡ್. ಡೇಟಾಬೇಸ್‌ಗೆ ಅದನ್ನೇ ಹಾಕಿ, ಯೂಸರ್‌ನೇಮ್ ನಾಳೆ ಬದಲಾದರೂ ಅದು ಹಾಗೇ ಇರುತ್ತದೆ. ಸ್ಕ್ರೀನ್ ಮೇಲೆ ತೋರಿಸಲಿಕ್ಕೆ 'ಪ್ರಿಫರ್ಡ್ ಯೂಸರ್‌ನೇಮ್' ಕ್ಲೇಮ್ ಓದಿಕೊಳ್ಳಿ. ಇನ್ನೊಂದು ವಿಷಯ, ಅಸಿಂಕ್ ಮೆಥಡ್ (ಹಿನ್ನೆಲೆಯಲ್ಲಿ ಬೇರೆ ಥ್ರೆಡ್‌ನಲ್ಲಿ, ಅಂದರೆ ಬೇರೆ ಕೆಲಸದ ಸಾಲಿನಲ್ಲಿ ಓಡುವಂಥದ್ದು) ಒಳಗೆ ಸೆಕ್ಯುರಿಟಿ ಕಾಂಟೆಕ್ಸ್ಟ್ ಹೋಲ್ಡರ್‌ನಿಂದ (ಸದ್ಯದ ಯೂಸರ್ ಯಾರೆಂದು ಸ್ಪ್ರಿಂಗ್ ಇಟ್ಟುಕೊಳ್ಳುವ ಜಾಗ) ಯೂಸರ್ ತೆಗೆಯಲು ಹೋದರೆ ನಲ್ (ಏನೂ ಇಲ್ಲ) ಸಿಗುತ್ತದೆ, ಯಾಕೆಂದರೆ ಆ ಮಾಹಿತಿ ರಿಕ್ವೆಸ್ಟ್ ಬಂದ ಥ್ರೆಡ್‌ಗೆ ಮಾತ್ರ ಅಂಟಿಕೊಂಡಿರುತ್ತದೆ, ನಾನು ಒಂದಿಡೀ ಭಾನುವಾರ ಸುಮ್ನೆ ಇದಕ್ಕೇ ಹಾಳು ಮಾಡಿಕೊಂಡಿದ್ದೇನೆ. ಐಡಿಯನ್ನು ಮೊದಲೇ ತೆಗೆದು ಪ್ಯಾರಾಮೀಟರ್ ಆಗಿ ಕಳಿಸಿಬಿಡಿ.