ಪದಚರ್ಚೆ: ಕಂದಾಯ ಕಟ್ಟದವರ ‘ಕೂಟ’, ಕಲ್ಯಾಣಪ್ಪನ ‘ಕಾಟಕಾಯಿ’

ಮಿತ್ರರೇ,

ಕರಾವಳಿಯಲ್ಲಿ ‘ಕೂಟ’ ಎಂದರೆ ಮೊದಲು ತಾಳಮದ್ದಳೆ, ವೇಷ-ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ‘ಇವತ್ತು ಆಟವೋ ಕೂಟವೋ’ ಎಂದು ಕೇಳಿದರೆ ನಮ್ಮ ಉಡುಪಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಾನು ಕೇಳುತ್ತಿರುವುದು ಆ ಪದದ ಇನ್ನೊಂದು ಬಳಕೆಯ ಬಗ್ಗೆ. 1830ರ ಕೊನೆಗೆ, 1831ರ ಆರಂಭಕ್ಕೆ ಕೆನರಾ ಜಿಲ್ಲೆಯ ರೈತರು ಅಲ್ಲಲ್ಲಿ ಸೇರಿ, ಕಂಪೆನಿ ಸರಕಾರಕ್ಕೆ ಕಂದಾಯ ಕಟ್ಟುವುದಿಲ್ಲ ಎಂದು ಕೂತರಲ್ಲ, ಆ ಸಭೆಗಳಿಗೂ ಕೂಟ ಎಂದೇ ಹೆಸರು. ಮಂಗಳೂರಿನಲ್ಲಿ ಕದ್ರಿ ಮಂಜುನಾಥ ದೇವಸ್ಥಾನ ಅವುಗಳ ದೊಡ್ಡ ನೆಲೆ.

1894ರಲ್ಲಿ ಮಂಗಳೂರಲ್ಲೇ ಅಚ್ಚಾದ ಕಿಟೆಲ್ ಕೋಶ ಈ ಪದಕ್ಕೆ ಕೂಡುವಿಕೆ, ಗುಂಪು ಎಂಬ ಅರ್ಥ ಕೊಡುತ್ತದೆ. ಅಷ್ಟಕ್ಕೆ ನನ್ನ ಪ್ರಶ್ನೆ ತೀರುವುದಿಲ್ಲ. ಸೇರಿದವರ ಕೈಯಲ್ಲಿ ಒಂದು ವಾದ ಇತ್ತು: ಬೆಳೆ ಕೆಟ್ಟಿದೆ, ಭತ್ತದ ಬೆಲೆ ಇಳಿದಿದೆ, ತೀರುವೆ ಮಾತ್ರ ಇಳಿದಿಲ್ಲ. ಅದನ್ನೇ ಅರ್ಜಿಯಾಗಿ ಕಲೆಕ್ಟರರಿಗೆ ಬರೆದರು. ಒಬ್ಬ ಕಟ್ಟದಿದ್ದರೆ ಅವನ ಗದ್ದೆ ಜಪ್ತಿ. ಮಾಗಣೆಗೆ ಮಾಗಣೆಯೇ (ಹಲವು ಊರುಗಳ ಕಂದಾಯ ವಿಭಾಗವೇ) ಕಟ್ಟದಿದ್ದರೆ ಯಾರದನ್ನೆಂದು ಜಪ್ತಿ ಮಾಡುವುದು? ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ ಎದುರಾಳಿಯ ಬಾಯಿ ಕಟ್ಟುವುದೂ ಹೀಗೇ. ಆದ್ದರಿಂದ ಇಲ್ಲಿ ಕೂಟ ಎಂದರೆ ಬರಿಯ ಗುಂಪಲ್ಲ, ಮಾತಾಡಿ ಒಂದು ತೀರ್ಮಾನಕ್ಕೆ ಬಂದ ಗುಂಪು ಎಂದು ನನ್ನ ಅನಿಸಿಕೆ.

ಇನ್ನು 1837. ಕಂಪೆನಿ 1834ರಲ್ಲಿ ಕೊಡಗನ್ನು ನುಂಗಿ, ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿತು. ಬೆಳೆಯಲ್ಲೇ ತೆರಿಗೆ ಅಳೆದು ಕೊಡುತ್ತಿದ್ದವರು ನಗದು ಹುಡುಕಬೇಕಾಯಿತು. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರು ಜನ ಕೂಡಿಸಿದರು, ಕಲ್ಯಾಣಸ್ವಾಮಿಯನ್ನು (ಜನರ ಬಾಯಲ್ಲಿ ಕಲ್ಯಾಣಪ್ಪ) ಮುಂದಿಟ್ಟರು. ಬೆಳ್ಳಾರೆಯ ಖಜಾನೆ ಕೈಗೆ ಬಂತು, ಉಪ್ಪು-ಹೊಗೆಸೊಪ್ಪಿನ ಸುಂಕ ಇನ್ನಿಲ್ಲ ಎಂದು ಸಾರಿದರು. ಏಪ್ರಿಲಿನಲ್ಲಿ ಮಂಗಳೂರು ಸುಮಾರು ಎರಡು ವಾರ ಅವರ ಕೈಯಲ್ಲಿತ್ತು. ಮುಂದೆ ಮುಖಂಡರಿಗೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲು.

ಇಷ್ಟಾದರೂ ಜನರ ಬಾಯಲ್ಲಿ ಉಳಿದದ್ದು ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ಕಲ್ಯಾಣಪ್ಪನ ಲೂಟಿ! 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು, ಹೆಸರಿನ ಜಗಳ ನಿಂತಿಲ್ಲ. ದಂಗೆ, ಬಂಡಾಯ, ಕ್ರಾಂತಿ, ಸಂಗ್ರಾಮ ಎಂದು ಒಬ್ಬೊಬ್ಬರದು ಒಂದೊಂದು. ‘ದಂಗೆ’ ಕಚೇರಿಯವರ ಮಾತು, ನನಗೆ ಬೇಡ. ‘ರೈತ ಬಂಡಾಯ’ ಸಾಕು ಎನ್ನುವವನು ನಾನು. ಹಾಗೆಂದು ಕಾಟಕಾಯಿಯನ್ನು ಬ್ರಿಟಿಷರು ಕಟ್ಟಿದ ಹೆಸರು ಎಂದು ತಳ್ಳಿಹಾಕಲೂ ಮನಸ್ಸಿಲ್ಲ. ಸುಳ್ಯದವನಿಗೆ ಬಿಡುಗಡೆಯಾಗಿ ಕಂಡದ್ದು ಮಂಗಳೂರು ಪೇಟೆಯ ಅಂಗಡಿಯವನಿಗೆ ಹಾಗೇ ಕಂಡಿರಬೇಕೆಂದೇನೂ ಇಲ್ಲ.

ಈಗ ಪ್ರಶ್ನೆ. ಕಾಟಕಾಯಿಯ ‘ಕಾಟ’ ಸರಿ, ‘ಕಾಯಿ’ ಎಲ್ಲಿಯದು? ‘ಕಾಟುಕಾಯಿ’ ಎಂದೂ ಹೇಳುತ್ತಾರೆ. ತುಳು ಮನೆಮಾತಿನವರು, ಸುಳ್ಯದ ಕಡೆಯ ಅರೆಭಾಷೆಯವರು ಹೇಳಬೇಕು: ಕಲ್ಯಾಣಪ್ಪನ ಹೆಸರು ಬಿಟ್ಟು ಬೇರೆ ಲೂಟಿಗೂ ಈ ಪದ ಬಳಸುವುದುಂಟೇ?

ಕೂಟಕ್ಕೆ ಹೊಂದುವ ಕ್ರಿಯಾಪದ ಯಾವುದು ಎಂಬುದೂ ಬೇಕು. ಕೂಟ ಕೂಡು, ಕೂಟ ಕಟ್ಟು, ಕೂಟ ಸೇರು? ಗುತ್ತಿನ ಮನೆಗಳಲ್ಲಿ (ತುಳುನಾಡಿನ ಹಳೆಯ ಮುಖಂಡರ ಮನೆಗಳಲ್ಲಿ) ಆ ಕಾಲದ ಕಡತ, ಅರ್ಜಿಯ ನಕಲು ಇದ್ದವರು ಪದ ಬಂದ ಸಾಲನ್ನು ಇದ್ದ ಹಾಗೇ ಬರೆದು ಕಳಿಸಿ. ಕಾಗುಣಿತ ದಯವಿಟ್ಟು ತಿದ್ದಬೇಡಿ.