ನಿಂಬೆ ಕಪ್‌ಕೇಕ್ ನಡುವೆ ಕುಸಿಯುತ್ತಿದೆ, ಮೇಲಾಗಿ ಕಹಿ. ಮೂರನೇ ಸಲ!! ಯಾರಾದ್ರೂ ಹೇಳಿ

ಬಿಸಿಲೂರು_ಅಡುಗೆ:
ಸಾಕಾಗಿ ಹೋಗಿದೆ. ಈ ತಿಂಗಳಲ್ಲಿ ಇದು ಮೂರನೇ ಸಲ. ಮೊಟ್ಟೆ ಹಾಕದ ನಿಂಬೆ ಕಪ್‌ಕೇಕ್. ಓಟಿಜಿಯಿಂದ (ಕಟ್ಟೆ ಮೇಲಿಡೋ ಕರೆಂಟ್ ಓವನ್) ಹೊರಗೆ ತೆಗೆದ ಎರಡೇ ನಿಮಿಷಕ್ಕೆ ನಡುವೆ ಗುಳಿ ಬೀಳುತ್ತದೆ. ಬಿಡಿಸಿ ನೋಡಿದರೆ ಅಂಟಂಟು, ಬೇಯದೆ ಇಳಿಸಿದ ಇಡ್ಲಿ ಹಾಗೆ. ತಿಂದ ಮೇಲೆ ಗಂಟಲ ಹತ್ತಿರ ಕಹಿ ಉಳಿಯುತ್ತದೆ. ಅಳತೆ ಎಲ್ಲಾ ಸರಿ ಇದೆ, ಅದನ್ನು ಕೇಳಬೇಡಿ. ಭಾನುವಾರ ಅಣ್ಣನ ಮಗಳ ಹುಟ್ಟುಹಬ್ಬ. ಅಂಗಡಿ ಕೇಕ್ ಬೇಡ, ಅತ್ತೆ ಮಾಡಿದ್ದೇ ಬೇಕು ಅಂತ ಕೂತಿದ್ದಾಳೆ.

ಓಟಿಜಿ_ಮಾವ:
ಇದು ಟೆಂಪರೇಚರ್ ಸಮಸ್ಯೆ, ಕಣ್ಣು ಮುಚ್ಚಿ ಹೇಳಬಹುದು. ಡಯಲ್‌ನಲ್ಲಿ 180 ಡಿಗ್ರಿ ಇಟ್ಟ ಮಾತ್ರಕ್ಕೆ ಒಳಗೆ 180 ಇರಲ್ಲ. ನನ್ನದರಲ್ಲಿ ಅಳೆದಾಗ 160 ಬಂತು. ಓವನ್ ಥರ್ಮಾಮೀಟರ್ ತಗೊಳ್ಳಿ. ಮೇಲೆ, ಕೆಳಗೆ ಕಾಯೋ ಎರಡೂ ರಾಡ್ ಹಾಕ್ತೀರಾ, ಬರೀ ಕೆಳಗಿನದಾ?

ಕರಾವಳಿ_ಪಾಕ:
ಅಳತೆ ಕೇಳಬೇಡಿ ಅಂದ್ರೆ ನಾವು ಕವಡೆ ಹಾಕಿ ಹೇಳ್ಬೇಕಾ ಅಕ್ಕ? ಬರೀರಿ.

ಬಿಸಿಲೂರು_ಅಡುಗೆ:
ಸರಿ ತಗೊಳ್ಳಿ. ಒಂದೂವರೆ ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಒಂದು ಕಪ್ ಮೊಸರು, ಅರ್ಧ ಕಪ್ ಎಣ್ಣೆ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಸೋಡಾ, ಎರಡು ದೊಡ್ಡ ಚಮಚ ನಿಂಬೆರಸ, ಮೂರು ನಿಂಬೆಯ ಸಿಪ್ಪೆ ತುರಿ. ಮೊಸರಿಗೆ ಸೋಡಾ, ಪೌಡರ್ ಹಾಕಿ ಐದು ನಿಮಿಷ ಬಿಟ್ಟರೆ ಚೆನ್ನಾಗಿ ನೊರೆ ಬರುತ್ತೆ, ಆಮೇಲೆ ಉಳಿದದ್ದು. 180ರಲ್ಲಿ 22 ನಿಮಿಷ, ಎರಡೂ ರಾಡ್. ಪ್ರೀಹೀಟ್ (ಖಾಲಿ ಓವನ್ ಮೊದಲೇ ಕಾಯಿಸೋದು) 10 ನಿಮಿಷ ಮಾಡಿದ್ದೇನೆ, ಅದಕ್ಕೂ ಬೈಬೇಡಿ.

ಓಟಿಜಿ_ಮಾವ:
10 ಸಾಲದು, 15 ಬೇಕು. ನಡುವಿನ ರ‍್ಯಾಕ್‌ನಲ್ಲೇ ಇಡಿ. ಬಾಗಿಲು ಎಷ್ಟು ಸಲ ತೆಗೆದ್ರಿ? ಒಂದು ಸಲ ತೆಗೆದರೂ ಬಿಸಿ ಬಹಳಷ್ಟು ಹೊರಗೆ ಬರುತ್ತೆ. ನಾನು ಈಗ 60 ಲೀಟರ್‌ನದ್ದು ತಗೊಂಡಿದ್ದೇನೆ, ಫ್ಯಾನ್ ಇದೆ, ಎರಡು ಟ್ರೇ ಒಟ್ಟಿಗೆ ಹಿಡಿಯುತ್ತೆ. ಫೋಟೋ ಹಾಕಲಾ?

ಹಳೇ_ಕುಕ್ಕರ್:
ಇಷ್ಟೆಲ್ಲಾ ಯಾಕೆ? ನಮ್ಮಮ್ಮ ಕುಕ್ಕರ್ ತಳಕ್ಕೆ ಉಪ್ಪು ಹಾಸಿ, ಗ್ಯಾಸ್ಕೆಟ್, ವಿಶಲ್ ತೆಗೆದು ಕೇಕ್ ಮಾಡ್ತಿದ್ರು. ಒಂದು ದಿನವೂ ಗುಳಿ ಬಿದ್ದಿಲ್ಲ.

ಓಟಿಜಿ_ಮಾವ:
ನೀರಿಲ್ಲದೆ ಕುಕ್ಕರ್ ಕಾಯಿಸಬೇಡಿ ಅಂತ ಅದರ ಪುಸ್ತಕದಲ್ಲೇ ಬರೆದಿರುತ್ತೆ. ಓದಿ.

ಹಳೇ_ಕುಕ್ಕರ್:
ಮೂವತ್ತು ವರ್ಷದ ಕುಕ್ಕರ್ ಇನ್ನೂ ಅನ್ನ ಬೇಯಿಸ್ತಿದೆ ಸರ್. ಪುಸ್ತಕ ಎಲ್ಲಿದೆಯೋ ಗೊತ್ತಿಲ್ಲ.

ಕರಾವಳಿ_ಪಾಕ:
ಎರಡು ಮೊಟ್ಟೆ ಹಾಕಿದ್ರೆ ಈ ಚರ್ಚೆಯೇ ಇರ್ತಿರಲಿಲ್ಲ ;)

ಬಿಸಿಲೂರು_ಅಡುಗೆ:
ನಮ್ಮನೇಲಿ ಮೊಟ್ಟೆ ತಿನ್ನಲ್ಲ ಅಂತ ಮೊದಲ ಸಾಲಲ್ಲೇ ಬರೆದಿದ್ದೇನೆ. ಕುಕ್ಕರ್ ಜಗಳ ಬೇರೆ ಕಡೆ ಮಾಡಿ, ದಯವಿಟ್ಟು.

ಕಾಫಿತೋಟ:
(ಬರೆದಿದ್ದು "ಮೊಟ್ಟೆ ಹಾಕದ" ಅಂತ. ಇರಲಿ.) ಕಹಿ ಬಗ್ಗೆ ಯಾರೂ ಮಾತಾಡ್ತಿಲ್ಲ. ಯಾವ ನಿಂಬೆ? ಯಾವುದರಲ್ಲಿ ತುರಿದ್ರಿ?

ಬಿಸಿಲೂರು_ಅಡುಗೆ:
ನಮ್ಮ ಇಂಡಿ ನಿಂಬೆ, ಮತ್ತಿನ್ಯಾವುದು? ವಿಜಯಪುರದಲ್ಲಿ ಕೂತು ಬೇರೆ ನಿಂಬೆ ತರೋಕಾಗುತ್ತಾ? 2023ರಲ್ಲಿ ಜಿಐ (ಆ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು) ಬೇರೆ ಸಿಕ್ಕಿದೆ. ಕ್ಯಾರೆಟ್ ತುರಿಯೋ ಮಣೆಯಲ್ಲೇ ತುರಿದೆ.

ಕಾಫಿತೋಟ:
ಅಲ್ಲೇ ಇದೆ ನೋಡಿ. ಆ ನಿಂಬೆ ರಸಕ್ಕೆ ಬಂಗಾರ, ಆದರೆ ಸಿಪ್ಪೆ ಕಾಗದದಷ್ಟು ತೆಳು. ಕ್ಯಾರೆಟ್ ಮಣೆಯ ಹಲ್ಲು ಬಿಳಿ ಪದರ ದಾಟಿ ಒಳಗೇ ಇಳಿಯುತ್ತೆ, ಕಹಿ ಇರೋದು ಆ ಬಿಳಿಯಲ್ಲಿ. ಸಣ್ಣ ಹಲ್ಲಿನ ಕಡೆ ಹಿಡಿದು, ಒಂದೇ ಜಾಗದಲ್ಲಿ ಒಂದು ಸಲ ಮಾತ್ರ ಎಳೆಯಿರಿ, ಹಣ್ಣು ತಿರುಗಿಸಿ, ಮತ್ತೆ ಒಂದು ಸಲ. ಬಿಳಿ ಕಂಡ ಕೂಡಲೇ ನಿಲ್ಲಿಸಿ. ಆ ತುರಿಯನ್ನು ಸಕ್ಕರೆಗೆ ಹಾಕಿ ಬೆರಳಲ್ಲಿ ಉಜ್ಜಿ. ಸಕ್ಕರೆ ಒದ್ದೆ ಮರಳಿನ ಹಾಗೆ ಆಗಿ ಘಮ್ ಅನ್ನುತ್ತೆ. ಒಂದೇ ನಿಂಬೆ ತುರಿ ಸಾಕು. ನಾನಂತೂ ಕೊಡಗಿನ ಕಿತ್ತಳೆಯಲ್ಲೇ ಮಾಡೋದು, ನಮ್ಮ ಹಿತ್ತಲಲ್ಲೇ ನಾಲ್ಕು ಗಿಡ ಇದೆ.

ಹಳೇ_ಕುಕ್ಕರ್:
ಕಿತ್ತಳೆ ಅಂದ್ರೆ ನಾಗಪುರದ್ದು.

ಕಾಫಿತೋಟ:
ನಿಮಗೆ ಕುಕ್ಕರ್ ಒಂದೇ ಸಾಕಿತ್ತು.

ಓಟಿಜಿ_ಮಾವ:
ಥರ್ಮಾಮೀಟರ್ ತಗೊಂಡ್ರಾ?

ಸೋಡಾಬುಡ್ಡಿ:
ತಡವಾಗಿ ಬಂದೆ. ಒಂದೇ ಪ್ರಶ್ನೆ. ಈ ಅಳತೆಗೆ ಹನ್ನೆರಡು ಕಪ್‌ಕೇಕ್ ಆಗುತ್ತೆ. ಹನ್ನೆರಡೂ ಕುಸಿದವಾ?

ಬಿಸಿಲೂರು_ಅಡುಗೆ:
ಇಲ್ಲ, ಆರು. ಮೊದಲ ಆರು ಚೆನ್ನಾಗೇ ಬಂದಿದ್ವು, ಸ್ವಲ್ಪ ಕಹಿ ಅಂದ್ರು ಅಷ್ಟೇ. ಮಕ್ಕಳು ಬಿಸಿ ಇರುವಾಗಲೇ ಖಾಲಿ ಮಾಡಿದ್ರು. ಅದನ್ನೇನು ಬರೆಯೋದು ಅಂತ ಬಿಟ್ಟೆ.

ಸೋಡಾಬುಡ್ಡಿ:
ಅಯ್ಯೋ ಅಕ್ಕ! ನಿಮ್ಮ ಹತ್ತಿರ ಆರು ಗುಳಿಯ ಮೋಲ್ಡ್ ಒಂದೇ ಇರೋದು, ಅಲ್ವಾ? ಮೊದಲ ಟ್ರೇ ಬೇಯುವಾಗ ಉಳಿದ ಹಿಟ್ಟು ಎಲ್ಲಿತ್ತು?

ಬಿಸಿಲೂರು_ಅಡುಗೆ:
ಕಟ್ಟೆ ಮೇಲೆ, ಓಟಿಜಿ ಪಕ್ಕ. ಹೊರಗೆ 41 ಡಿಗ್ರಿ, ಅಡುಗೆಮನೇಲಿ ಇನ್ನೂ ಜಾಸ್ತಿ. ಅದಕ್ಕೂ ಇದಕ್ಕೂ ಏನು ಸಂಬಂಧ?

ಸೋಡಾಬುಡ್ಡಿ:
ದಿಢೀರ್ ರವೆ ಇಡ್ಲಿಗೆ ಈನೋ ಹಾಕಿದ ಮೇಲೆ ಹಿಟ್ಟು ಇಟ್ಕೊಂಡು ಕೂರ್ತೀರಾ? ಇಲ್ಲ. ಇದೂ ಅದೇ. ಸೋಡಾಗೆ ಹುಳಿ ತಾಗಿದ ಕ್ಷಣವೇ ಗ್ಯಾಸ್ ಶುರು. ನಿಮ್ಮ ಮೊಸರೂ ಹುಳಿ, ನಿಂಬೆರಸವೂ ಹುಳಿ. ಒಂದು ದೊಡ್ಡ ಚಮಚ ನಿಂಬೆರಸವೇ ಸುಮಾರು ಕಾಲು ಟೀ ಚಮಚ ಸೋಡಾ ನುಂಗುತ್ತೆ. ನೊರೆ ನೋಡಿ ಖುಷಿಪಟ್ಟ ಐದು ನಿಮಿಷ, ಮೇಲೆ ಮೊದಲ ಟ್ರೇಯ 22 ನಿಮಿಷ. ಬೇಕಿಂಗ್ ಪೌಡರ್ ಕೂಡ ಅದೇ ಮೊಸರಲ್ಲಿ ನೆನೆದಿದೆ. ಎರಡನೇ ಟ್ರೇಗೆ ಹೋಗಿದ್ದು ಉಸಿರು ಹೋದ ಹಿಟ್ಟು.

ಹೀಗೆ ಮಾಡಿ: ಮೈದಾ, ಪೌಡರ್, ಸೋಡಾ ಒಟ್ಟಿಗೆ ಜರಡಿ ಹಿಡಿದು ಎರಡು ಬಟ್ಟಲಿಗೆ ಸಮ ಹಂಚಿ. ಮೊಸರು, ಎಣ್ಣೆ, ಸಕ್ಕರೆ, ರಸ ಬೇರೆ ಕಲಸಿ, ಅದನ್ನೂ ಎರಡು ಪಾಲು ಮಾಡಿ. ಎರಡನೇ ಪಾಲು ಫ್ರಿಜ್‌ನಲ್ಲಿರಲಿ. ಮೊದಲ ಟ್ರೇ ಹೊರಗೆ ಬಂದು ಮೋಲ್ಡ್ ಖಾಲಿಯಾದ ಮೇಲೇ ಅದನ್ನು ಎರಡನೇ ಬಟ್ಟಲ ಹಿಟ್ಟಿಗೆ ಸೇರಿಸಿ. ಗಂಟು ಒಡೆಯುವಷ್ಟು ಕಲಸಿದ್ರೆ ಸಾಕು.

ಓಟಿಜಿ_ಮಾವ:
ಇದು ಒಂದು ಕಾರಣ ಇರಬಹುದು. ಆದರೂ ಥರ್ಮಾಮೀಟರ್...

ಬಿಸಿಲೂರು_ಅಡುಗೆ (ಭಾನುವಾರ ರಾತ್ರಿ):
ಬಂತು! ಹನ್ನೆರಡರಲ್ಲಿ ಹನ್ನೊಂದು ಗುಂಡಗೆ ಉಬ್ಬಿದವು. ಕಹಿಯೂ ಇಲ್ಲ. ಸೋಡಾಬುಡ್ಡಿ ಅವರಿಗೆ, ಕಾಫಿತೋಟದವರಿಗೆ ಋಣಿ. ಎರಡೂ ಟ್ರೇ ಸೇರಿ ಒಂದಕ್ಕೆ ಮಾತ್ರ ಚಿಕ್ಕ ಗುಳಿ ಬಿತ್ತು.

ಓಟಿಜಿ_ಮಾವ:
ಆ ಒಂದು ಬಾಗಿಲ ಹತ್ತಿರದ ಮೂಲೆಯಲ್ಲಿತ್ತಾ?

ಬಿಸಿಲೂರು_ಅಡುಗೆ:
ಹೌದು ಸರ್. ಆದ್ರೂ ಥರ್ಮಾಮೀಟರ್ ಈಗಲೇ ತಗೊಳ್ಳಲ್ಲ. ಅದಿರಲಿ, ಮೇಲೆ ಹಾಕಿದ ಬೆಣ್ಣೆ ಕ್ರೀಮ್ ಮೇಣದಬತ್ತಿ ಹಚ್ಚೋ ಮೊದಲೇ ಕರಗಿ ತಟ್ಟೆಗೆ ಇಳೀತು. ಈ ಬಿಸಿಲಿಗೆ ಏನು ಮಾಡ್ತೀರಿ ನೀವೆಲ್ಲಾ?

ಹಳೇ_ಕುಕ್ಕರ್:
ನಮ್ಮ ಕಾಲದಲ್ಲಿ ಕ್ರೀಮ್ ಎಲ್ಲಾ ಹಾಕ್ತಿರಲಿಲ್ಲ.