ಡಬಲ್ ಹಂಗ್ ಕಿಟಕಿ ಎತ್ತಿದರೆ ನಿಲ್ಲುತ್ತಿಲ್ಲ, ಸ್ಪ್ರಿಂಗ್ ಎಲ್ಲಿ ಸಿಗುತ್ತದೆ?

ಜರ್ಸಿ_ಜಾಲಿ: ಬೆಡ್‌ರೂಮ್ ಕಿಟಕಿ ಎತ್ತಿ ಕೈ ಬಿಟ್ಟರೆ ಧಡಾರ್ ಅಂತ ಬೀಳುತ್ತದೆ. ಮಗಳ ಬೆರಳು ಸ್ವಲ್ಪದರಲ್ಲಿ ಉಳಿಯಿತು. ಹಾರ್ಡ್‌ವೇರ್ ಅಂಗಡಿಯವರು ಇಡೀ ಕಿಟಕಿಯನ್ನೇ ಬದಲಾಯಿಸಿ ಅಂತಾರೆ. ಮೇಲೊಂದು ಕೆಳಗೊಂದು ಗಾಜಿನ ಫಲಕ ಜಾರುವ ಮಾಮೂಲಿ ಬಿಳಿ ಕಿಟಕಿ, ಮಾಮೂಲಿ ಸ್ಪ್ರಿಂಗ್. ಲಿಂಕ್ ಇದ್ದರೆ ಕೊಡಿ, ಬೇರೆ ಉಪದೇಶ ಬೇಡ.

ಸುತ್ತಿಗೆ_ಸುಬ್ಬು: ಸ್ಪೈರಲ್ ಬ್ಯಾಲೆನ್ಸೇ, ಅನುಮಾನ ಬೇಡ. ಬ್ಯಾಲೆನ್ಸ್ ಅಂದರೆ ಕಿಟಕಿಯ ಭಾರ ಹೊತ್ತು ಎತ್ತಿದಲ್ಲೇ ನಿಲ್ಲಿಸುವ ಭಾಗ. ಉದ್ದ ಕೊಳವೆ, ಒಳಗೆ ತಿರುಚಿದ ಸರಳು. ಟೆನ್ಷನ್ ಇಳಿದಿದೆ ಅಷ್ಟೆ. ಸರಳಿನ ತುದಿ ಕೆಂಪೋ ಬಿಳಿಯೋ ಹೇಳಿ. ಸುತ್ತು ಕೊಡುವಾಗ ಕೈ ಜಾರಿದರೆ ಗಿರ್ರನೆ ಬಿಚ್ಚಿಕೊಳ್ಳುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ಹಳೇಮನೆ: ಫೋಟೋ ಇಲ್ಲದೆ ಏನು ಹೇಳೋದು? ಸ್ಯಾಶ್, ಅಂದರೆ ಆ ಜಾರುವ ಗಾಜಿನ ಫಲಕ, ಒಳಕ್ಕೆ ಬಾಗುತ್ತದಾ? ಪಕ್ಕದ ಸಂದಿಯಲ್ಲಿ ಏನಿದೆ? ಬ್ಯಾಲೆನ್ಸ್‌ನಲ್ಲಿ ಹಗ್ಗ-ತೂಕದ್ದು, ಸ್ಪೈರಲ್, ಚಾನೆಲ್, ಕಾಯಿಲ್ ಅಂತ ಹಲವು ಥರ ಇವೆ. ಒಂದರ ಜಾಗದಲ್ಲಿ ಇನ್ನೊಂದು ಕೂರೋದಿಲ್ಲ.

ಜರ್ಸಿ_ಜಾಲಿ: ಬಾಗೋದಿಲ್ಲ. ಸೀದಾ ಮೇಲೆ, ಸೀದಾ ಕೆಳಗೆ. ಕೆಂಪು ಬಿಳಿ ಏನೂ ಕಾಣಲಿಲ್ಲ.

ಸುತ್ತಿಗೆ_ಸುಬ್ಬು: ಧೂಳು ಕೂತಿರುತ್ತದೆ. ಒರೆಸಿ ನೋಡಿ.

ಸಿಯಾಟಲ್_ಶೆಟ್ಟಿ: ಎಲ್ಲಕ್ಕಿಂತ ಮೊದಲು ಸೀಸದ ಬಣ್ಣ ಪರೀಕ್ಷೆ ಮಾಡಿಸಿ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾಗಿದ್ದು 1978ರಲ್ಲಿ. ಮನೆಯಲ್ಲಿ ಮಗು ಬೇರೆ ಇದೆ.

ಹಳೇಮನೆ: ವಿನೈಲ್ (ಪ್ಲಾಸ್ಟಿಕ್) ಕಿಟಕಿಗೆ ಯಾರು ಸ್ವಾಮಿ ಬಣ್ಣ ಹೊಡೀತಾರೆ?

ಸಿಯಾಟಲ್_ಶೆಟ್ಟಿ: ವಿನೈಲ್ ಅಂತ ಅವರೆಲ್ಲಿ ಹೇಳಿದ್ದಾರೆ? ವಿನೈಲೇ ಆದರೂ ಸುತ್ತಲಿನ ಮರ ಹಳೇದಿರಬಹುದಲ್ಲ. ನನ್ನ ಮನೆಯಲ್ಲಿ ಹಾಗೇ ಇತ್ತು.

ಜರ್ಸಿ_ಜಾಲಿ: ಮನೆ 1994ರದ್ದು. ವಿನೈಲೇ. ದಯವಿಟ್ಟು ಸ್ಪ್ರಿಂಗ್ ವಿಷಯಕ್ಕೆ ಬನ್ನಿ. ಟಾರ್ಚ್ ಬಿಟ್ಟು ನೋಡಿದೆ, ಕೊಳವೆ ಇಲ್ಲ. ಮೂರು ಕಡೆ ಮುಚ್ಚಿದ ಲೋಹದ ಪಟ್ಟಿ. ಅದರಿಂದ ಬಿಳಿ ದಾರ ನೇತಾಡುತ್ತಿದೆ, ತುದಿ ನವೆದು ಕಿತ್ತುಹೋಗಿದೆ. ಪಟ್ಟಿಯ ಮೇಲೆ 2230 ಅಂತ ಒತ್ತಿದ್ದಾರೆ.

ಹಳೇಮನೆ: ಇದನ್ನೇ ಮೊದಲು ಹೇಳೋದಲ್ವಾ ಸಾರ್! ಚಾನೆಲ್ ಬ್ಯಾಲೆನ್ಸ್. ಒಳಗೆ ಸ್ಪ್ರಿಂಗ್, ಪುಟ್ಟ ರಾಟೆಗಳು, ದಾರ ಇರುತ್ತವೆ. ಮೊದಲ ಎರಡು ಅಂಕಿ ಉದ್ದಕ್ಕೆ, ಉಳಿದದ್ದು ಎಷ್ಟು ಭಾರ ಹೊರುತ್ತದೆ ಅನ್ನೋದಕ್ಕೆ. ಆದರೆ ಅಂಕಿ ನಂಬಿ ಆರ್ಡರ್ ಮಾಡಬೇಡಿ. ಒಂದು ಇಂಚು ಕಡಿಮೆ ಒತ್ತುವ ರೂಢಿ ಇದೆ, ನಿಮ್ಮ ಪಟ್ಟಿ 23 ಇಂಚು ಇರಬಹುದು. ತುದಿಗಳ ಪ್ಲಾಸ್ಟಿಕ್ ಬಿಟ್ಟು ಬರೀ ಲೋಹ ಅಳೆಯಿರಿ. ಜನ ಎಡವೋದು ಆ ಪ್ಲಾಸ್ಟಿಕ್ ತುಂಡುಗಳಲ್ಲೇ. ಉದ್ದ, ಭಾರ ಎರಡೂ ಸರಿಯಿದ್ದು ತುಂಡಿನ ಆಕಾರ ಬೇರೆಯಾದರೆ ಚೌಕಟ್ಟಿನಲ್ಲಿ ಕೂರೋದಿಲ್ಲ. ಭಾರದ ಬಗ್ಗೆ ಅನುಮಾನ ಇದ್ದರೆ ಸ್ಯಾಶ್ ಹಿಡಿದುಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ನಿಮ್ಮ ನ್ಯೂಜೆರ್ಸಿಯಲ್ಲೇ ಸ್ವಿಸ್ಕೋ ಅನ್ನೋರಿದ್ದಾರೆ, ಇಂಥ ಬಿಡಿಭಾಗಗಳನ್ನೇ ಮಾರುತ್ತಾರೆ. ಫೋಟೋ ಕಳಿಸಿ ಕೇಳಬಹುದು.

ಸುತ್ತಿಗೆ_ಸುಬ್ಬು: ದಾರ ಇವತ್ತಲ್ಲ ನಾಳೆ ಮತ್ತೆ ಕೀಳುತ್ತದೆ. ಇದೇ ನೆಪದಲ್ಲಿ ಸ್ಪೈರಲ್‌ಗೆ ಹೋಗಿಬಿಡಿ.

ಹಳೇಮನೆ: ಕೂರೋದಿಲ್ಲ ಅಂತ ಆಗಲೇ ಹೇಳಿದೆನಲ್ಲ.

ಜರ್ಸಿ_ಜಾಲಿ: ಎಡಗಡೆದು ಮಾತ್ರ ಹೋಗಿದೆ. ಒಂದೇ ತಗೊಂಡರೆ ಸಾಕಾ?

ಹಳೇಮನೆ: ಜೋಡಿ ಹಾಕಿ. ಹೊಸದು ಒಂದು ಕಡೆ, ಸೊರಗಿದ್ದು ಇನ್ನೊಂದು ಕಡೆ ಅಂದರೆ ಸ್ಯಾಶ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ.

ಸಿಯಾಟಲ್_ಶೆಟ್ಟಿ: ಚೆನ್ನಾಗಿರೋದನ್ನ ಸುಮ್ನೆ ಯಾಕೆ ಬಿಸಾಡೋದು?

ಬಾಸ್ಟನ್_ಬಡಗಿ: ನಮ್ಮದು 1920ರ ದಶಕದ ಮನೆ. ಚೌಕಟ್ಟಿನ ಒಳಗಿನ ಗೂಡಿನಲ್ಲಿ ಹತ್ತಿಯ ಹಗ್ಗಕ್ಕೆ ನೇತುಬಿದ್ದ ಎರಕದ ಕಬ್ಬಿಣದ ತೂಕ. ಈಗಲೂ ಒಂದೇ ಬೆರಳಲ್ಲಿ ಎತ್ತಬಹುದು. ಕೆಳಗಿನ ಸ್ಯಾಶ್‌ಗೆ ತೂಕ ಸ್ವಲ್ಪ ಕಡಿಮೆ, ಮೇಲಿನದಕ್ಕೆ ಸ್ವಲ್ಪ ಜಾಸ್ತಿ ಕಟ್ಟುತ್ತಾರೆ. ಹಾಗಾಗಿ ಮುಚ್ಚಿದಾಗ ಎರಡೂ ತಾವಾಗಿಯೇ ಬಿಗಿಯಾಗಿ ಕೂರುತ್ತವೆ. ಹಗ್ಗ ಹೋದರೆ ಚೌಕಟ್ಟಿನ ಪಕ್ಕದ ಮರದ ಮುಚ್ಚಳ ತೆಗೆದು ಹೊಸದು ಕಟ್ಟೋದು. ಸ್ಪ್ರಿಂಗ್ ಹುಡುಕುವ ಗೋಳೇ ಇಲ್ಲ.

ಸಿಯಾಟಲ್_ಶೆಟ್ಟಿ: ಜನವರಿಯಲ್ಲಿ ಆ ತೂಕದ ಗೂಡಿನಿಂದ ನುಗ್ಗೋ ಗಾಳಿಯ ಬಗ್ಗೆನೂ ಬರೀರಿ. ಅಂದಹಾಗೆ, ಸೀಸದ ಪರೀಕ್ಷೆ ಮಾಡಿಸಿದ್ದೀರಾ?

ಬಾಸ್ಟನ್_ಬಡಗಿ: ಅದಕ್ಕೆ ಬೇರೆ ಥ್ರೆಡ್ ಇದೆ.

ಕಾಫಿ_ಕುಮಾರ್: ನನ್ನ ಕಿಟಕಿಯೂ ಬೀಳುತ್ತದೆ. ಆದರೆ ದಾರ ಇಲ್ಲ, ಅಳತೆ ಟೇಪಿನ ಥರ ಸುತ್ತಿಕೊಂಡ ಉಕ್ಕಿನ ಪಟ್ಟಿ ಇದೆ. ಅದಕ್ಕೂ 2230 ನಡೆಯುತ್ತದಾ?

ಹಳೇಮನೆ: ಇಲ್ಲ. ಅದು ಕಾಯಿಲ್. ಹೊಸ ಥ್ರೆಡ್ ಶುರು ಮಾಡಿ, ಫೋಟೋ, ಸ್ಯಾಶ್ ತೂಕ ಎರಡೂ ಹಾಕಿ.